ಹೊರಟವರನ್ನು ಎಲ್ಲಿಗೆಂದು ಕೇಳಬೇಕು

ಐರ್ಲೆಂಡಿನ ಅತ್ಲೋನ್‌ಗೆ ಮಾಸ್ಟರ್ಸ್ ಓದಲು ಬರುವ ನಮ್ಮ ಕಡೆಯ ಹುಡುಗಿಯರಲ್ಲಿ ಕೆಲವರು ಬಿಡುವಿನ ದಿನಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಕೆಲಸಕ್ಕೆ ಸೇರುತ್ತಾರೆ. ಸೇರುವ ಮುಂಚೆ ಯಾರನ್ನೋ ಕೇಳಿಕೊಂಡು ನನ್ನ ಮನೆಗೆ ಬರುತ್ತಾರೆ. “ಆಂಟಿ, ತುಂಬಾ ಕಷ್ಟಾನಾ?” ಎನ್ನುತ್ತಾರೆ. ಕಷ್ಟವೇ. ಇನ್ನೊಬ್ಬರ ಮೈ ತೊಳೆಯಬೇಕು, ಒದ್ದೆಯಾದ ಹಾಸಿಗೆ ಬದಲಿಸಬೇಕು, ಬೈದರೆ ಬೈಸಿಕೊಳ್ಳಬೇಕು. ಮೂಗು ಮುಚ್ಚಿಕೊಳ್ಳುವವರು ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ನೋಡಿಕೊಳ್ಳುವುದು ಒಳ್ಳೆಯದು. ಇದನ್ನೇ ಎಷ್ಟು ಜನಕ್ಕೆ ಹೇಳಲಿ? ಹೋದ ವರ್ಷ ಕೆಲಸ ಬಿಟ್ಟೆ, ಈಗ ಕೈ ಖಾಲಿ. ಒಂದೇ ಸಲ ಬರೆದಿಡುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿ.

ನನ್ನ ಹೆಸರು ರತ್ನಮ್ಮ. ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳು. ಮಗಳು ಶೈಲಾ ಇಲ್ಲಿ ನರ್ಸು. ಅವಳ ಮಗುವನ್ನು ನೋಡಿಕೊಳ್ಳಲು ಬಂದೆ. ಮಗು ಸ್ಕೂಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತಾ ಕೂರಲಾಗದೆ ಈ ಕೆಲಸ ಹಿಡಿದೆ. ಪರವಾನಗಿ, ಕೋರ್ಸು, ಪರೀಕ್ಷೆ, ಅದೆಲ್ಲ ಇದ್ದೇ ಇತ್ತು. ಅದನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಯವರೇ ಹೇಳಿಕೊಡುತ್ತಾರೆ. ಅವರು ಹೇಳಿಕೊಡದೇ ಇರುವುದನ್ನು ನಾನು ಹೇಳುತ್ತೇನೆ.

ಮೊದಲು ನನ್ನ ತಪ್ಪುಗಳು. ಸಣ್ಣದೊಂದು, ದೊಡ್ಡದೊಂದು.

ಸಣ್ಣದು ಇಲ್ಲಿನ, ಮುದುಕರ ಹಾಸ್ಟೆಲಿನಂಥ ಒಂದು ನರ್ಸಿಂಗ್ ಹೋಮಿನಲ್ಲಿ ಆದದ್ದು. ಕೆಲಸಕ್ಕೆ ಸೇರಿದ ಮೊದಲ ವಾರ. ಬೆಳಗ್ಗೆ ನಾಲ್ಕು ಜನರ ಹಲ್ಲಿನ ಸೆಟ್ಟು ತೊಳೆಯಬೇಕಿತ್ತು. ನಮ್ಮಲ್ಲಿ ಎಂಜಲು ಲೋಟಗಳನ್ನು ಒಟ್ಟಿಗೆ ಹಾಕಿ ತೊಳೆಯುವುದಿಲ್ಲವೇ, ಹಾಗೆ ನಾಲ್ಕನ್ನೂ ಒಂದೇ ಬೋಗುಣಿಗೆ ಹಾಕಿ ತಿಕ್ಕಿದೆ. ಹೊಳೆಯುವ ಹಾಗೆ ತೊಳೆದೆ. ಆಮೇಲೆ ಯಾವುದು ಯಾರದು? ಮಧ್ಯಾಹ್ನದ ಊಟದವರೆಗೆ ಒಬ್ಬೊಬ್ಬರ ಬಾಯಿಗೂ ಇಟ್ಟು ತೆಗೆದು ನೋಡಿದ್ದೇ ಆಯಿತು. ಒಬ್ಬ ಅಜ್ಜಿ ಮಾತ್ರ, “ನಂದಕ್ಕಿಂತ ಇದೇ ಚೆನ್ನಾಗಿದೆ, ಕೊಡಲ್ಲ” ಎಂದು ಬಾಯಿ ಬಿಗಿದು ಕೂತಳು. ಅವಳ ಬಾಯಿ ಬಿಡಿಸಲು ಐಸ್‌ಕ್ರೀಮ್ ತರಿಸಬೇಕಾಯಿತು.

ಆಗೆಲ್ಲ ನಾವು ಮಾಡಿದ್ದನ್ನು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಎಷ್ಟು ಗಂಟೆಗೆ ಎಬ್ಬಿಸಿದೆ, ಏನು ತಿಂದರು, ಯಾವ ಮಾತ್ರೆ ಕೊಟ್ಟೆ. ನನ್ನ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಲು ಬೆವರು ಬರುತ್ತಿತ್ತು. ಆದರೆ ಬರೆಯುವಾಗ ಯೋಚಿಸಬೇಕಾಗುತ್ತಿತ್ತು. ಆಮೇಲೆ ಪುಸ್ತಕದ ಬದಲು ಫೋನು ಬಂತು. ಅದರಲ್ಲಿ ಚೌಕಗಳಿರುತ್ತವೆ, ಟಿಕ್ ಹಾಕಿದರೆ ಮುಗಿಯಿತು. ನನ್ನಂಥವಳಿಗೆ ಸುಲಭವಾಯಿತು ಎಂದು ಎಲ್ಲರೂ ಅಂದರು, ನಾನೂ ಅಂದೆ. ನನ್ನ ದೊಡ್ಡ ತಪ್ಪು ಆ ಚೌಕದ ಒಳಗೇ ಕೂತಿದೆ.

ಅದು ಲಾರ್ಡ್ ಸಾಹೇಬರ ಮನೆಯಲ್ಲಿ ಆದದ್ದು.

ಅತ್ಲೋನ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸರೋವರದ ದಂಡೆಯಲ್ಲಿ ಅವರ ದೊಡ್ಡ ಮನೆ. ನಾಲ್ಕು ಕಡೆ ಎತ್ತರದ ಕಲ್ಲುಗೋಡೆ. ನಾನು ಹೋಗುವ ಹೊತ್ತಿಗೆ ಮನೆಯ ಇಪ್ಪತ್ತು ಕೋಣೆಗಳಲ್ಲಿ ಮೂರು ಮಾತ್ರ ಬೆಚ್ಚಗಿದ್ದವು. ಸಾಹೇಬರಿಗೆ ಎಂಬತ್ತೇಳು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಕಾಲಿನಲ್ಲಿ ಶಕ್ತಿ ಕಡಿಮೆ, ನಡೆಯಲು ಕೋಲು ಬೇಕಿತ್ತು, ಹೃದಯ ಸೋತಿತ್ತು. ತಲೆ ಮಾತ್ರ ಚೆನ್ನಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಅವರನ್ನು “ಮೈ ಲಾರ್ಡ್” ಎಂದು ಕರೆಯಬೇಕೆಂದು ಏಜೆನ್ಸಿಯ ಸೂಪರ್‌ವೈಸರ್ ಮೇವ್ ಹೇಳಿ ಕಳಿಸಿದ್ದಳು. ನಮ್ಮ ಕಡೆ ಅದು ಕೋರ್ಟಿನಲ್ಲಿ ಜಡ್ಜಿಗೆ ಹೇಳುವ ಮಾತು. ಒಬ್ಬ ಮನುಷ್ಯನ ಪೈಜಾಮ ಬಿಚ್ಚುತ್ತಾ ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಹೆಸರು ಹಿಡಿದು ಕರೆ ಎಂದು ಅವರೇ ಹೇಳಿದರು, ಅದಕ್ಕೂ ಬಾಯಿ ಬರಲಿಲ್ಲ. “ಸಾಹೇಬ್ರೇ” ಎಂದೆ. ಅದೇ ಉಳಿಯಿತು.

ಅವರ ಕಥೆಯನ್ನು ನಾನು ಕೇಳಿದ್ದು ಸ್ನಾನದ ಮನೆಯಲ್ಲಿ, ತುಂಡುತುಂಡಾಗಿ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಏಳು ವರ್ಷಕ್ಕೇ ಹಾಸ್ಟೆಲ್ ಶಾಲೆಗೆ ಕಳಿಸಿದರು. ಅಮ್ಮನನ್ನು ನೋಡುತ್ತಿದ್ದದ್ದು ವರ್ಷಕ್ಕೆ ಮೂರು ಸಲ. ಅಪ್ಪ ಸತ್ತಾಗ ಬಿರುದು ಇವರಿಗೆ ಬಂತು, ಬಿರುದಿನ ಜೊತೆ ಲಂಡನ್ನಿನ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಒಂದು ಕುರ್ಚಿಯೂ ಬಂತು. ಅಲ್ಲಿ ಮೂವತ್ತು ವರ್ಷ ಕೂತರು. ಒಂದಷ್ಟು ವರ್ಷ ಉಪಮಂತ್ರಿಯೂ ಆಗಿದ್ದರು, ಮೊದಲು ಮೀನುಗಾರಿಕೆ, ಆಮೇಲೆ ರಸ್ತೆಗಳು. ಹುಟ್ಟಿನಿಂದ ಬಂದ ಕುರ್ಚಿಗಳನ್ನು ಕಾನೂನು ತೆಗೆದುಹಾಕಿದಾಗ ಇವರ ಕುರ್ಚಿಯೂ ಹೋಯಿತು. ತಾಯಿಯ ಕಡೆಯಿಂದ ಬಂದ ಈ ಐರ್ಲೆಂಡಿನ ಮನೆಗೆ ಬಂದು ನೆಲೆಸಿದರು.

“ಒಂದು ಓಟೂ ಕೇಳ್ದೆ ಮಂತ್ರಿ ಆದ್ರಾ?” ಎಂದು ನಾನು ಕೇಳಿದೆ.

“ಒಂದೂ ಕೇಳಿಲ್ಲ.”

“ನಮ್ಮೂರಲ್ಲಿ ಕಾರ್ಪೊರೇಟರ್ ಆಗೋಕೂ ಮನೆ ಮನೆಗೆ ಹೋಗಿ ಕಾಲು ಹಿಡೀಬೇಕು.”

“ಅದೇ ಸರಿ,” ಎಂದರು ಸಾಹೇಬರು. “ಕಾಲು ಹಿಡಿದಿದ್ರೆ ಕೆಲವರ ಮನೆ ಒಳಗೆ ಹೇಗಿದೆ ಅಂತಾದ್ರೂ ನೋಡ್ತಿದ್ದೆ.”

ಗೋಡೆಯ ಮೇಲೆ ಅವರ ಫೋಟೋ ಒಂದಿತ್ತು. ಕೆಂಪು ನಿಲುವಂಗಿ, ಹೆಗಲಿಗೆ ಬಿಳಿ ತುಪ್ಪಳ, ನಾಟಕದ ರಾಜನ ಪಾರ್ಟಿನ ಹಾಗೆ. ಅದನ್ನು ಒರೆಸುವಾಗ ನನಗೆ ನಗು ಬರುತ್ತಿತ್ತು. ಸಭೆಯ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಬೆಳಗ್ಗೆ ತಿಂಡಿಗೂ ಓಟು. “ಓಟ್ಸ್ ಗಂಜಿ ಪರ ಇರುವವರು?” ನಾನು ಕೈ ಎತ್ತುತ್ತಿದ್ದೆ, ಡಾಕ್ಟರು ಹೇಳಿದ್ದು ಅದನ್ನೇ. “ಹುರಿದ ಮೊಟ್ಟೆಯ ಪರ?” ಅವರು ಎತ್ತುತ್ತಿದ್ದರು. “ಸಮ ಸಮ. ಅಧ್ಯಕ್ಷರ ಓಟು ಮೊಟ್ಟೆಗೆ.” ಅಧ್ಯಕ್ಷರೂ ಅವರೇ. ಒಂದು ದಿನ ನಾನು ಬಾಣಲೆ ಕುಕ್ಕಿ, “ನೀವು ಹೇಳಿದ್ದೇ ಆಗೋದಾದ್ರೆ ನನ್ನ ಕೈ ಯಾಕೆ ಎತ್ತಿಸ್ತೀರಿ?” ಎಂದೆ. ಕೆಮ್ಮು ಬರುವವರೆಗೂ ನಕ್ಕರು. “ರತ್ನ, ಇದನ್ನ ನೀನು ಲಂಡನ್ನಿಗೆ ಬಂದು ಹೇಳಬೇಕಿತ್ತು” ಎಂದರು. ಅವತ್ತು ಗಂಜಿ ತಿಂದರು.

ಇನ್ನು ಬ್ರಿಡಿ. ಕಲ್ಲುಗೋಡೆಯ ಆಚೆಯ ಮನೆಯವಳು, ಸಾಹೇಬರಿಗಿಂತ ಎರಡು ಮೂರು ವರ್ಷ ಚಿಕ್ಕವಳು. ವಾರಕ್ಕೊಮ್ಮೆ ಅಡುಗೆಮನೆಯ ಬಾಗಿಲಿಗೆ ಬಂದು ಅರ್ಧ ಡಜನ್ ಮೊಟ್ಟೆ ಕೊಟ್ಟು ಹೋಗುತ್ತಿದ್ದಳು. ಒಳಗೆ ಕರೆದರೆ ಬರುತ್ತಿರಲಿಲ್ಲ. “ಇಲ್ಲೇ ಗ್ರ್ಯಾಂಡ್” ಎಂದು ಮೆಟ್ಟಿಲ ಮೇಲೆ ನಿಂತೇ ಚಹಾ ಕುಡಿಯುತ್ತಿದ್ದಳು. ‘ಗ್ರ್ಯಾಂಡ್’ ಎಂದರೆ ಇಲ್ಲಿ ವೈಭವ ಅಂತಲ್ಲ, ‘ಪರವಾಗಿಲ್ಲ ಬಿಡು’ ಅಂತ.

ಒಂದು ದಿನ ನಾನೇ ಕೇಳಿದೆ, “ಒಳಗೆ ಯಾಕೆ ಬರಲ್ಲ ನೀವು?”

“ಒಂದು ಸಲ ಬಂದಿದ್ದೆ,” ಎಂದಳು. “ನಿಮ್ಮ ಲಾರ್ಡ್ ಆಗಿನ್ನೂ ಮಂತ್ರಿ. ಆ ದೊಡ್ಡ ಕೋಣೇಲಿ ಕೂರಿಸಿ ಶೆರ್ರಿ ವೈನ್ ಕೊಟ್ಟ. ಕೆಳಗಿನ ಗೇಟು ತೆಗೀರಿ ಅಂತ ಕೇಳ್ದೆ. ಪರಿಶೀಲಿಸ್ತೀನಿ ಅಂದ. ನಲವತ್ತು ವರ್ಷ ಆಯ್ತು. ಪಾಪ, ಇನ್ನೂ ಪರಿಶೀಲಿಸ್ತಿದಾನೆ.”

ಆ ಗೇಟಿನ ಸಂಗತಿಯನ್ನು ಅವಳೇ ಹೇಳಿದಳು. ಸರೋವರದ ದಂಡೆಯಲ್ಲಿ, ಸಾಹೇಬರ ಗೋಡೆಯ ಒಳಗೆ, ಒಂದು ತುಂಡು ನೆಲವಿದೆ. ದೀಕ್ಷಾಸ್ನಾನ ಆಗುವ ಮುಂಚೆ ಸತ್ತ ಕೂಸುಗಳನ್ನು ಆಗ ಚರ್ಚಿನ ಮಣ್ಣಿಗೆ ಸೇರಿಸುತ್ತಿರಲಿಲ್ಲ. ಸುತ್ತಲಿನ ಊರಿನವರು ಅಂಥ ಕೂಸುಗಳನ್ನು ಆ ದಂಡೆಗೆ ತಂದು ಹೂಳುತ್ತಿದ್ದರು. ಹೆಸರಿಲ್ಲ, ಶಿಲುಬೆ ಇಲ್ಲ, ತಲೆಯ ಹತ್ತಿರ ಒಂದೊಂದು ಗುಂಡುಕಲ್ಲು. ಬ್ರಿಡಿಯ ಮೊದಲ ಮಗ ಒಂದು ಗಂಟೆ ಬದುಕಿದ್ದ. ಗಂಡ ಪೆಟ್ಟಿಗೆಯಲ್ಲಿಟ್ಟು ತೆಗೆದುಕೊಂಡು ಹೋದ. ಬಾಣಂತಿಯನ್ನು ಕರೆದುಕೊಂಡು ಹೋಗುವ ಪದ್ಧತಿ ಇರಲಿಲ್ಲ. ಅವಳು ಎದ್ದು ಓಡಾಡುವ ಹೊತ್ತಿಗೆ ದೊಡ್ಡ ಮನೆಯವರು ಗೇಟಿಗೆ ಬೀಗ ಹಾಕಿದ್ದರು. ಶಿಕಾರಿಗೆ ಸಾಕಿದ ಹಕ್ಕಿಗಳು ಜನರ ಓಡಾಟಕ್ಕೆ ಬೆದರುತ್ತವೆ ಎಂದು. ಆ ಬೀಗ ಹಾಗೇ ಉಳಿಯಿತು. ಮಗನನ್ನು ಹೂತ ಜಾಗವನ್ನು ಬ್ರಿಡಿ ಒಂದು ಸಲವೂ ನೋಡಿರಲಿಲ್ಲ.

ನಮ್ಮ ಕಡೆಯೂ ಹಲ್ಲು ಬಾರದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ತಾಯಿಯನ್ನು ಕರೆದೊಯ್ಯುವುದಿಲ್ಲ. ನನ್ನದೂ ಒಂದು ಹಾಗೆ ಹೋಗಿದೆ. ಅದನ್ನು ಬ್ರಿಡಿಗೆ ನಾನು ಹೇಳಲಿಲ್ಲ, ಇಲ್ಲಿಯೂ ಹೆಚ್ಚು ಹೇಳುವುದಿಲ್ಲ.

ಆ ವಾರ ಸಾಹೇಬರ ಕಾಲಿನ ಉಗುರು ಕತ್ತರಿಸುವಾಗ ಕೇಳಿಯೇಬಿಟ್ಟೆ. ಉಗುರು ಕತ್ತರಿಸುವ ಹೊತ್ತು ಮಾತಿಗೆ ಒಳ್ಳೆಯದು, ಅವರು ಎದ್ದು ಹೋಗುವ ಹಾಗಿರುವುದಿಲ್ಲ.

“ಬ್ರಿಡಿಗೆ ಗೇಟು ಯಾಕೆ ತೆಗೀಲಿಲ್ಲ ಸಾಹೇಬ್ರೇ?”

“ರಾಜಕೀಯದಲ್ಲಿ ನಾನು ಮೊದಲು ಕಲಿತಿದ್ದು ಏನು ಗೊತ್ತಾ ರತ್ನ? ಯಾರಿಗೂ ಇಲ್ಲ ಅನ್ನಬಾರದು. ಇಲ್ಲ ಅಂದ್ರೆ ಅವನಿಗೆ ಸಿಟ್ಟು ಬರುತ್ತೆ, ಬೇರೆ ದಾರಿ ಹುಡುಕ್ತಾನೆ. ಪರಿಶೀಲಿಸ್ತೀನಿ ಅಂದ್ರೆ ಸುಮ್ನೆ ಕಾಯ್ತಾನೆ.”

“ಹಕ್ಕಿ ಹೊಡೆಯೋಕೆ ಯಾರು ಬರ್ತಿದ್ರು?”

“ದೊಡ್ಡ ಮಂತ್ರಿಗಳು. ನನ್ನನ್ನ ಉಪಮಂತ್ರಿ ಮಾಡಿದವರು.”

“ಹಕ್ಕಿನೂ ಇಲ್ಲ, ಅವರೂ ಇಲ್ಲ. ಗೇಟು ಅಲ್ಲೇ ಐತೆ. ತೆಗೀರಿ.”

“ಪರಿಶೀಲಿ...” ಎಂದವರು ಅಷ್ಟಕ್ಕೇ ನಿಂತರು. ನಾನು ಕತ್ತರಿ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದೆ.

ಮುಂದಿನ ವಾರ ಬ್ರಿಡಿ ಬಂದವಳು ಮೊಟ್ಟೆ ಕೊಟ್ಟು, “ಇನ್ನು ಬೇಸಿಗೆ ಮುಗಿಯೋವರೆಗೆ, ಆಗಸ್ಟ್‌ವರೆಗೆ ಅಷ್ಟೇ” ಎಂದಳು. ಮಂಡಿ ಹೋಗಿದೆ, ಒಬ್ಬಳೇ ಇರಲಾಗುವುದಿಲ್ಲ. ರಿಂಗಾಸ್ಕಿಡಿ ಎಂಬ ಊರಲ್ಲಿ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಬಂದು ಕರೆದೊಯ್ಯುತ್ತಾಳೆ. ದೇಶದ ಆ ತುದಿ. ಹೋದರೆ ಮತ್ತೆ ಬರುವ ಮಾತಿಲ್ಲ. “ಅವನಿಗೆ ಹೇಳು,” ಎಂದು ಒಳಗಿನ ಕೋಣೆಯತ್ತ ಗದ್ದ ತೋರಿಸಿದಳು, “ಇನ್ಮೇಲೆ ಪರಿಶೀಲಿಸೋ ಕಷ್ಟ ಬೇಡ ಅಂತ.”

ನಾನು ಹೇಳಿದೆ, ಅವಳು ಹೇಳಿದ ಹಾಗೇ. ಸಾಹೇಬರು ಚಮಚ ಕೆಳಗಿಟ್ಟರು. ಅವತ್ತು ಮೊಟ್ಟೆಗೆ ಓಟು ಕೇಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ಸಾಹೇಬರು ಕೋಲು ಊರಿಕೊಂಡು ಬಂದರು. ಒಳ್ಳೆಯ ಕೋಟು, ಹ್ಯಾಟು, ಪಾಲಿಶ್ ಮಾಡಿದ ಕರಿ ಶೂ. ಒಂದು ಕೈ ಕೋಟಿನ ಜೇಬಿನಲ್ಲಿ. “ಹೊರಟೆ ರತ್ನ” ಎಂದರು.

ಈಗ ಗಮನವಿಟ್ಟು ಓದಿ. ನಮ್ಮ ಮನೆಗಳಲ್ಲಿ ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ನನ್ನ ಗಂಡನನ್ನು ಮೂವತ್ತು ವರ್ಷ ಒಂದು ಸಲವೂ ಹಾಗೆ ಕೇಳಿದವಳಲ್ಲ. ಕೋರ್ಸಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು: ವಯಸ್ಸಾದವರು ಬಾಗಿಲು ದಾಟುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್, ಕೇಳಿ ಬರೆದುಕೊಳ್ಳಿ. ಪರೀಕ್ಷೆಯಲ್ಲಿ ಸರಿಯಾಗಿ ಉತ್ತರ ಬರೆದಿದ್ದೆ. ಆದರೂ ಬಟ್ಟೆ ಹಾಕಿಕೊಂಡು ಎದುರು ನಿಂತ ಮನುಷ್ಯನನ್ನು ಕೇಳಲು ನಾಲಿಗೆ ಏಳಲಿಲ್ಲ.

“ಹೋಗಿ ಬನ್ನಿ” ಎಂದೆ. ಅಂಗಳದ ಬೆಂಚಿನವರೆಗೆ ಹೋಗುತ್ತಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಅರ್ಧ ಗಂಟೆ ಬಿಟ್ಟು ನೋಡಿದರೆ ಬೆಂಚು ಖಾಲಿ. ತೋಟ, ಕುದುರೆ ಲಾಯ, ಸರೋವರದ ಮೆಟ್ಟಿಲು ಎಲ್ಲ ಕಡೆ ಕೂಗಿದೆ. ಏಜೆನ್ಸಿಗೆ ಫೋನ್ ಮಾಡಿದೆ, ಅವರು ಗಾರ್ಡಾಗೆ ಮಾಡಿದರು. ಇಲ್ಲಿನ ಪೊಲೀಸರಿಗೆ ಹಾಗೆನ್ನುತ್ತಾರೆ. ಕೊನೆಗೆ ಸಿಕ್ಕಿದ್ದು ಕೆಳಗಿನ ಗೇಟಿನ ಹತ್ತಿರ. ಕಲ್ಲಿನ ಮೇಲೆ ಕೂತಿದ್ದರು, ಶೂ ತುಂಬ ಕೆಸರು, ಬಲಗೈ ರಕ್ತ. ಬೀಗದಲ್ಲಿ ದೊಡ್ಡ ಕಬ್ಬಿಣದ ಕೀಲಿಕೈ ಸಿಕ್ಕಿಕೊಂಡು ಮುರಿದಿತ್ತು.

“ಗೇಟು ತೆಗೆಯೋಕೆ ಬಂದೆ” ಎಂದರು ಸಾಹೇಬರು.

ಗಾರ್ಡಾ ಹುಡುಗ ನನ್ನ ಕಡೆ ನೋಡಿ ಕಣ್ಣು ಹೊಡೆದ. “ಆಯ್ತು ಸರ್, ಗ್ರ್ಯಾಂಡ್, ಮನೆಗೆ ಹೋಗೋಣ” ಎಂದ. ಮಕ್ಕಳಿಗೆ ಹೇಳುವ ಧ್ವನಿ. “ರತ್ನನಿಗೆ ಹೇಳಿಯೇ ಹೊರಟಿದ್ದೆ” ಎಂದು ಸಾಹೇಬರು ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ. ಬಾಯಿ ಬಿಡಲಿಲ್ಲ.

ಗಾಯಕ್ಕೆ ಪಟ್ಟಿ ಕಟ್ಟಿ ಮಲಗಿಸಿ, ಫೋನು ತೆಗೆದೆ. ಚೌಕಗಳು ಬಂದವು. ‘ಗೊಂದಲದಲ್ಲಿದ್ದರು, ಅಲೆದುಹೋದರು.’ ಟಿಕ್. ‘ಆರೈಕೆದಾರರಿಗೆ ತಿಳಿಸದೆ ಹೊರಹೋದರು.’ ಅಲ್ಲಿ ಬೆರಳು ಒಂದು ಗಳಿಗೆ ನಿಂತಿತು. ತಿಳಿಸಿದ್ದರು ಎಂದು ಹಾಕಿದರೆ ಮುಂದಿನ ಪ್ರಶ್ನೆ: ನೀನು ಎಲ್ಲಿಗೆಂದು ಕೇಳಿದೆಯಾ? ಟಿಕ್ ಹಾಕಿದೆ. ಎರಡು ಚೌಕ. ನನ್ನ ಕೆಲಸ ಉಳಿಯಿತು.

ಪುಸ್ತಕದಲ್ಲಿ ಬರೆಯಬೇಕಿದ್ದರೆ ಆ ಸುಳ್ಳಿಗೆ ನನ್ನ ಇಂಗ್ಲಿಷಿನಲ್ಲಿ ಪದವಾದರೂ ಹುಡುಕಬೇಕಾಗುತ್ತಿತ್ತು. ಆದರೆ ತಪ್ಪು ಫೋನಿನದಲ್ಲ, ಬೆರಳು ನನ್ನದು.

ಕೈಯ ಗಾಯ ಮಾಯುವ ಮೊದಲೇ ಸಾಹೇಬರು ವಕೀಲರನ್ನು ಕರೆಸಿದರು. ಬೀಗ ಒಡೆಸಿದರೆ ಸಾಲದು, ತಾನು ಸತ್ತ ಮೇಲೆ ಮತ್ತೊಬ್ಬರು ಬೀಗ ಹಾಕುತ್ತಾರೆ. ಗೇಟಿನಿಂದ ಆ ನೆಲದವರೆಗಿನ ದಾರಿ ಊರಿನವರಿಗೆ ಶಾಶ್ವತ ಎಂದು ಕಾಗದವಾಗಬೇಕು ಎಂದರು. ಕಾಗದ ತಯಾರಾಗುವಷ್ಟರಲ್ಲಿ ಲಂಡನ್ನಿನಿಂದ ಅವರ ತಮ್ಮನ ಮಗ ಬಂದ. ಬಿರುದು, ಮನೆ ಎರಡೂ ಮುಂದೆ ಅವನಿಗೇ. ದಂಡೆಯ ಜಾಗವನ್ನು ಹೋಟೆಲಿನವರಿಗೆ ಕೊಡುವ ಮಾತು ನಡೆಸಿದ್ದ. ಹೋಟೆಲಿನ ಹುಲ್ಲುಹಾಸಿನ ಮಧ್ಯೆ ಸಮಾಧಿಗೆ ಹೋಗುವ ಜನ ಅವನಿಗೆ ಬೇಕಿರಲಿಲ್ಲ.

ಕೆಟ್ಟ ಮಾತಾಡುವವನಲ್ಲ. ನನ್ನ ಕೈ ಹಿಡಿದು ಕುಲುಕಿದ. “ನೀವು ನಮ್ಮ ದೊಡ್ಡಪ್ಪನ್ನ ಎಷ್ಟು ಚೆನ್ನಾಗಿ ನೋಡ್ಕೋತಿದೀರಿ” ಎಂದ. ಆಮೇಲೆ, “ಪಾಪ, ಈಗೀಗ ಅವರಿಗೆ ಏನು ಮಾಡ್ತಿದೀನಿ ಅಂತ ಗೊತ್ತಾಗಲ್ಲ ಅಲ್ವಾ? ಮುಚ್ಚಿದ ಗೇಟಿನ ಹತ್ರ ಹೋಗಿ ಕೂತಿದ್ರಂತೆ. ದಾಖಲೆನೇ ಇದೆಯಲ್ಲ. ನೀವೇ ಹಾಕಿದ್ದು” ಎಂದ.

ಅವೇ ಎರಡು ಟಿಕ್.

ವಕೀಲರು ಪೆನ್ನು ಜೇಬಿಗೆ ಹಾಕಿಕೊಂಡರು. ಬುದ್ಧಿ ಸ್ವಾಧೀನದಲ್ಲಿದೆ ಎಂದು ಡಾಕ್ಟರು ಬರೆದುಕೊಡುವವರೆಗೆ ಸಹಿ ಬೇಡ ಎಂದರು. ಡಾಕ್ಟರು ಬರಲು ಮೂರು ವಾರ. ಬಂದವರು ಹುಬ್ಬಳ್ಳಿಯಲ್ಲಿ ಓದಿ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿರುವ ನಮ್ಮವರೇ, ಡಾಕ್ಟರ್ ಕಿರಣ್. ಸಾಹೇಬರ ಜೊತೆ ಒಂದು ಗಂಟೆ ಕೂತರು. ಹೊರಗೆ ಬಂದು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು.

“ಅಮ್ಮಾ, ಇವರ ತಲೆ ನನ್ನ ತಲೆಗಿಂತ ಚೆನ್ನಾಗಿದೆ. ಗೇಟು, ದಾರಿ, ಹೋಟೆಲು, ಎಲ್ಲ ಅರ್ಥ ಮಾಡ್ಕೊಂಡೇ ಮಾತಾಡ್ತಾರೆ. ಆದ್ರೆ ಈ ದಾಖಲೆ ಇದೆಯಲ್ಲ. ನಾನು ಚೆನ್ನಾಗಿದೆ ಅಂತ ಬರ್ದುಕೊಟ್ರೂ, ನಾಳೆ ಕೋರ್ಟಲ್ಲಿ ಇದನ್ನೇ ಹಿಡೀತಾರೆ. ಕಾಗದ ನಿಲ್ಲಲ್ಲ.”

“ಅದನ್ನ ಬಿಟ್ಟು ಬರ್ದುಕೊಡೋಕೆ ಆಗಲ್ವಾ ಡಾಕ್ಟ್ರೇ?”

ಕೇಳಿದ್ದು ನಾನೇ. ನಮ್ಮವರು, ನಮ್ಮ ಭಾಷೆ, ನಡೆದೀತು ಎಂಬ ಆಸೆ. ಅವರು ನನ್ನನ್ನೇ ನೋಡಿದರು. “ನೀವು ಬರ್ದಿದ್ದನ್ನ ನಾನು ಹೇಗೆ ಬಿಡ್ಲಿ? ಅದು ನಿಜ ಅಂದ್ರೆ ನಿಜ. ನಿಜ ಅಲ್ಲ ಅಂದ್ರೆ ಹೇಳಬೇಕಾದವರು ನೀವು.”

ಮನೆಗೆ ಬಂದು ಶೈಲಾಗೆ ಹೇಳಿದೆ. ಅವಳು ಡ್ಯೂಟಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು ಹಾಗೇ ನಿಂತಳು.

“ಅಮ್ಮಾ, ಹುಚ್ಚು ಹಿಡೀತಾ? ಸುಳ್ಳು ದಾಖಲೆ ಹಾಕಿದೆ ಅಂತ ನೀನೇ ಹೇಳಿದ್ರೆ ಕೆಲಸ ಹೋಗುತ್ತೆ. ಇನ್ಯಾರೂ ತಗೊಳಲ್ಲ.”

“ಹಾಕಿದ್ದು ಸುಳ್ಳೇ ಅಲ್ವಾ?”

“ಯಾರದೋ ಗೇಟಿಗೆ ನೀನ್ಯಾಕೆ...”

“ಗೇಟು ಯಾರದೋ. ಟಿಕ್ ನಂದು.”

ಮೊಮ್ಮಗಳು ಸೋಫಾದಿಂದ ತಲೆ ಎತ್ತಿ, “ಫೇರ್ ಪ್ಲೇ ಟು ಯೂ, ಅಜ್ಜಿ” ಎಂದಳು. ಇಲ್ಲಿ ಅದು ‘ಶಭಾಶ್’ ಅಂತ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಷ್ ರಾಗದಲ್ಲಿ. ಅವಳಿಗೆ ಶೈಲಾಳಿಂದ ಬೈಗುಳ ಬಿತ್ತು.

ಮರುದಿನ ಬೆಳಗ್ಗೆ ಏಜೆನ್ಸಿಯ ಆಫೀಸಿಗೆ ಹೋದೆ. ಮೇವ್ ಒಳ್ಳೆಯವಳು. ಮೇಲಧಿಕಾರಿಗಳಲ್ಲಿ ನಾನು ಕಂಡ ಒಳ್ಳೆಯವರಲ್ಲಿ ಒಬ್ಬಳು. ಎಲ್ಲ ಕೇಳಿಸಿಕೊಂಡು ಬಾಗಿಲು ಮುಚ್ಚಿದಳು. “ರತ್ನ, ನೀವು ಇದನ್ನ ನಂಗೆ ಹೇಳಿಲ್ಲ ಅಂದ್ಕೋತೀನಿ. ಮನೆಗೆ ಹೋಗಿ. ಇಟ್ಸ್ ಗ್ರ್ಯಾಂಡ್.”

“ಗ್ರ್ಯಾಂಡ್ ಅಲ್ಲ,” ಎಂದೆ. “ಫಾರ್ಮ್ ಕೊಡಿ.”

“ಬರೆದ್ಮೇಲೆ ನಾನೇನೂ ಮಾಡೋಕಾಗಲ್ಲ. ವಿಚಾರಣೆ ಆಗುತ್ತೆ.”

“ಆಗ್ಲಿ. ಪೆನ್ನೂ ಕೊಡಿ. ಫೋನ್ ಬೇಡ, ಕಾಗದ.”

ಅವಳೇ ಬರೆದುಕೊಡುತ್ತೇನೆ ಎಂದಳು, ನಾನು ಒಪ್ಪಲಿಲ್ಲ. ನನ್ನ ಏಳನೇ ಕ್ಲಾಸಿನ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಕನ್ನಡದಲ್ಲಿ ಹೇಳಿದರೆ ಇಷ್ಟು: ‘ಅವರು ಹೊರಟೆ ಎಂದು ನನಗೆ ಹೇಳಿದರು. ನಾನು ಎಲ್ಲಿಗೆಂದು ಕೇಳಲಿಲ್ಲ. ನಮ್ಮ ಊರಿನಲ್ಲಿ ಕೇಳುವುದಿಲ್ಲ, ಆದರೆ ಇಲ್ಲಿ ಕೇಳಬೇಕೆಂದು ನನಗೆ ಗೊತ್ತಿತ್ತು. ಅವರು ದಾರಿ ತಪ್ಪಿರಲಿಲ್ಲ, ಕೀಲಿಕೈ ತೆಗೆದುಕೊಂಡು ಗೇಟು ತೆಗೆಯಲು ಹೋಗಿದ್ದರು. ಅಲೆದರು ಎಂದು ನಾನು ಹಾಕಿದ್ದು ಸುಳ್ಳು.’ ಸಹಿ ಮಾಡಿದೆ. ಮೇವ್ ಓದಿದಳು. ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಎರಡು ತಿಂಗಳು ಕೆಲಸದಿಂದ ನಿಲ್ಲಿಸಿದರು. ವಿಚಾರಣೆಯಲ್ಲಿ ಮೂರು ಜನ ಕೂತಿದ್ದರು. “ಕೆಲಸ ಉಳಿಸಿಕೊಳ್ಳೋಕೆ ಹೀಗೆ ಮಾಡಿದ್ರಾ?” ಎಂದು ಒಬ್ಬರು ಕೇಳಿದರು. ಹೌದು ಎಂದೆ. ಇನ್ನೇನು ಹೇಳಲಿ? ಮತ್ತೆ ಮೊದಲ ದಿನದ ಪಾಠದಿಂದ ಕೋರ್ಸು ಮಾಡಿಸಿದರು. ಇಪ್ಪತ್ತು ವರ್ಷದ ಹುಡುಗಿಯರ ಮಧ್ಯೆ ನಾನೊಬ್ಬಳು ಮುದುಕಿ, “ಎಲ್ಲಿಗೆ ಹೊರಟಿರಿ? ಎಷ್ಟು ಹೊತ್ತಿಗೆ ಬರುತ್ತೀರಿ?” ಎಂದು ಖಾಲಿ ಕುರ್ಚಿಗೆ ಕೇಳುತ್ತಾ ಅಭ್ಯಾಸ ಮಾಡಿದೆ. ಆಮೇಲೆ ಕೆಲಸಕ್ಕೆ ವಾಪಸ್ ತೆಗೆದುಕೊಂಡರು, ಆದರೆ ಬೇರೆ ಮನೆಗಳಿಗೆ. ಸಾಹೇಬರ ಮನೆಗೆ ಮತ್ತೆ ಡ್ಯೂಟಿ ಹಾಕಲಿಲ್ಲ. ಅದು ಸರಿಯಾದ ಶಿಕ್ಷೆಯೇ. ಅಳುತ್ತಾ ಕೂರಲಿಲ್ಲ.

ನನ್ನ ಕಾಗದ ವಕೀಲರಿಗೆ ಹೋಯಿತು, ಡಾಕ್ಟರ್ ಕಿರಣ್ ಅವರದೂ ಹೋಯಿತು. ತಮ್ಮನ ಮಗ ಇನ್ನೊಬ್ಬ ಡಾಕ್ಟರನ್ನು ಕರೆಸಿದ. ಸಾಹೇಬರ ತಲೆ ಸರಿಯಾಗಿದೆ ಎಂದು ಅವರೂ ಹೇಳಿದರು. ಸಾಹೇಬರು ಸಹಿ ಮಾಡಿದರು.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಪೇಪರಿನಲ್ಲಿ ಅರ್ಧ ಪುಟ ಬಂತು. ಶಾಲೆ, ಬಿರುದು, ಮೀನುಗಾರಿಕೆ, ರಸ್ತೆಗಳು, ಕೆಂಪು ನಿಲುವಂಗಿಯ ಫೋಟೋ. ಶೈಲಾ ನನಗೆ ಎಲ್ಲವನ್ನೂ ಓದಿ ಹೇಳಿದಳು. ಗೇಟಿನ ಮಾತು ಎಲ್ಲೂ ಇರಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಗೇಟು ತೆಗೆದದ್ದು ಅವರು ಸಾಯುವ ಮುಂಚೆಯೇ, ಸಹಿಯಾದ ಆ ಆಗಸ್ಟ್ ಕೊನೆಯಲ್ಲಿ, ಬ್ರಿಡಿ ಹೊರಡುವುದಕ್ಕೆ ನಾಲ್ಕು ದಿನ ಮುಂಚೆ. ನನಗೆ ಅವತ್ತು ಡ್ಯೂಟಿ ಇರಲಿಲ್ಲ, ಬಸ್ಸು ಹತ್ತಿ ಹೋದೆ. ಭಾಷಣ ಇಲ್ಲ, ಫೋಟೋ ಇಲ್ಲ. ಬೀಗ ಕತ್ತರಿಸುವವನು ಬಂದು ಕತ್ತರಿಸಿ ಹೋದ. ಸಾಹೇಬರು ಗಾಲಿಕುರ್ಚಿಯಲ್ಲಿದ್ದರು. ಅವರ ಹಿಂದೆ ನನ್ನ ಜಾಗಕ್ಕೆ ಬಂದ ಕೇರಳದ ಹುಡುಗಿ ನಿಂತಿದ್ದಳು. ಊರಿನ ಹತ್ತು ಹನ್ನೆರಡು ಮುದುಕ ಮುದುಕಿಯರು ಬಂದಿದ್ದರು. ಯಾರೂ ಒಳಗೆ ಕಾಲಿಡಲಿಲ್ಲ. ಎಲ್ಲರೂ ಬ್ರಿಡಿಗೆ ದಾರಿ ಬಿಟ್ಟು ನಿಂತಿದ್ದರು.

ಬ್ರಿಡಿ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಳು. ಮಗಳು ತೋಳು ಹಿಡಿಯಲು ಹೋದರೆ ಕೊಡವಿಕೊಂಡಳು. ಗಾಲಿಕುರ್ಚಿಯ ಎದುರು ನಿಂತು ಸಾಹೇಬರನ್ನು ನೋಡಿದಳು.

“ಪರಿಶೀಲನೆ ಮುಗೀತಾ?”

“ಮುಗೀತು,” ಎಂದರು ಸಾಹೇಬರು. “ತಡ ಮಾಡ್ದೆ. ನಂದೇ ತಪ್ಪು.”

ಅವಳು ಕ್ಷಮಿಸಿದೆ ಅನ್ನಲಿಲ್ಲ. ತಲೆ ಆಡಿಸಿ ಗೇಟಿನ ಕಡೆ ತಿರುಗಿದಳು. ಗೇಟಿನ ಪಕ್ಕದಲ್ಲಿ ನಾನಿದ್ದೆ. ಕೋಲು ಊರಿ, ಮೊದಲ ಹೆಜ್ಜೆ ಇಡುವ ಮುಂಚೆ ಅವಳು ನಿಂತಳು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು ಅವಳು ಎಲ್ಲಿಗೆ ಹೊರಟಿದ್ದಾಳೆ ಎಂದು. ನನಗೂ ಗೊತ್ತಿತ್ತು. ಆದರೂ ಕೇಳಿದೆ.

“ಎಲ್ಲಿಗೆ ಹೊರಟಿರಿ ಬ್ರಿಡಿ?”

ಅವಳು ನನ್ನ ಮುಖ ನೋಡಿದಳು. ಮಗ ಹೋದ ಅರವತ್ತು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

“ನನ್ನ ಮಗನ್ನ ನೋಡೋಕೆ,” ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ.

“ಎಷ್ಟು ಹೊತ್ತಿಗೆ ಬರ್ತೀರಿ?”

“ನಂಗೆ ಸಾಕು ಅನ್ನಿಸಿದಾಗ.”

“ಹೋಗಿ ಬನ್ನಿ” ಎಂದೆ. ಗಡಿಯಾರ ನೋಡಿದೆ, ಹನ್ನೊಂದು ಗಂಟೆ ಹತ್ತು ನಿಮಿಷ. ಡ್ಯೂಟಿಯಲ್ಲಿದ್ದಿದ್ದರೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದೆ.